ಆದೇಶ ಸಂಧಿ

ಹೆಣ್, ಕೂಡಿಸು, ಕರುಳು ಎಂದು ಬೋರ್ಡಿನ ಮೇಲೆ ಬರೆದು
ಸೀಮೆಸುಣ್ಣದ ಕೈ ಪಂಚೆಗೆ ಒರೆಸಿಕೊಂಡರು ರೇವಣ್ಣ ಮೇಷ್ಟ್ರು.
ಹೆಣ್ಣು ಬಂದು ಪಕ್ಕಕ್ಕೆ ನಿಂತಳೋ ಇಲ್ಲವೋ
ಕರುಳಿನ ಕ ಮೆತ್ತಗಾಗಿ ಗ ಆಯ್ತು ನೋಡ್ರಿ,
ಹೆಂಗರುಳು.
ಇದಕ್ಕೆ ಆದೇಶ ಸಂಧಿ ಅಂತಾರೆ.

ಯಾರ ಆದೇಶ ಸಾರ್, ಅಂದೆ.
ಹೊರಗೆ ನಿಲ್ಲಿಸಿದರು.
ಹಗೇದಿಬ್ಬದ ಬಿಸಿಲು, ಪೂರಾ ಒಂದು ಪೀರಿಯಡ್ಡು.

ಅಪ್ಪ ದೊಡ್ಡಾಸ್ಪತ್ರೆಯ ಹೆಣದ ಕೋಣೆಯಲ್ಲಿ ಹೊಲಿಯುವವನು.
ಡಾಕ್ಟರು ಬಿಚ್ಚಿ, ಬರೆದುಕೊಂಡು, ಕೈ ತೊಳೆದು ಹೋದ ಮೇಲೆ
ಹೊರಗೆ ಉಳಿದದ್ದನ್ನೆಲ್ಲ ಒಳಗಿಟ್ಟು
ದಬ್ಬಣದಲ್ಲಿ ಮುಚ್ಚುವವನು.
ನಾಲ್ಕು ಎಳೆ ದೂರದೂರ ಎಳೆದರೂ ಸಂಬಳ ಅಷ್ಟೇ;
ಇವನು ಒತ್ತೊತ್ತಾಗಿ ಹಾಕುತ್ತಿದ್ದ.
ಹೆತ್ತಾಕಿ ನೋಡ್ತಾಳೆ ಕಣವ್ವ, ಅನ್ನುತ್ತಿದ್ದ.
ತಲೆಯನ್ನೂ ಬಾಚುತ್ತಿದ್ದ. ಜೇಬಿನಲ್ಲೊಂದು ಹಣಿಗೆ,
ಅದಕ್ಕೇ ಅಂತ ಬೇರೆ.

ಹೆಂಗರುಳು ನಿಮ್ಮಪ್ಪಂದು, ಎಂದು ಪಕ್ಕದ ಮನೆ ಹಾಲಮ್ಮ
ಸೆರಗಿನ ತುದಿಯಲ್ಲಿ ಕಣ್ಣೊತ್ತಿಕೊಂಡರೆ
ಅಪ್ಪ ತಲೆ ತಗ್ಗಿಸಿ ನಗುತ್ತಿದ್ದ.
ಅದೇ ಮಾತು ಸಾರಾಯಿ ಅಂಗಡಿ ಬೆಂಚಿನಿಂದ ಬಂದರೆ
ಲುಂಗಿ ಎತ್ತಿ ಕಟ್ಟಿ ಜಗಳಕ್ಕೆ ನಿಲ್ಲುತ್ತಿದ್ದ,
ಹೊಡೆಸಿಕೊಂಡು ಬರುತ್ತಿದ್ದ.
ಅರಿಶಿನ ಹಚ್ಚುವಾಗ ಅವ್ವನೂ ಅದನ್ನೇ ಅನ್ನುತ್ತಿದ್ದಳು,
ಹೊಗಳಿದ್ದೋ ಬೈದದ್ದೋ ಇವತ್ತಿಗೂ ಗೊತ್ತಿಲ್ಲ.

ಒಂದು ರಾತ್ರಿ ಕೇಳಿದೆ, ಅಪ್ಪಾ,
ಹೆಂಗಿರ್ತೈತೆ ಒಳಗೆ, ಹೆಂಗಸ್ರದು?
ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು.
ಉದ್ದ ಒಂದೇ. ಬಣ್ಣ ಒಂದೇ. ನಾತ ಒಂದೇ.
ಇಪ್ಪತ್ತೆರಡು ವರ್ಷದಾಗೆ ಹೆಂಗರುಳು ಅಂಬೋದು
ಒಂದೂ ಕೈಗೆ ಸಿಕ್ಕಿಲ್ಲ ನೋಡು.
ಉಣ್ಣು, ಆರ್ತೈತೆ.

ಈಗ ನನ್ನ ಹೆಗಲಿಗೆ ಟಿಕೆಟ್ಟಿನ ಮಿಷಿನ್ನು, ಜಗಳೂರು ರೂಟು.
ಅಣಜಿ ದಾಟಿದ ಮೇಲೂ ದುಡ್ಡು ತೆಗೆಯದ ಮುದುಕಪ್ಪನನ್ನು
ಇಳೀರಿ ಅಂದರೆ ಹಿಂದಿನ ಸೀಟು ತೀರ್ಪು ಕೊಡುತ್ತದೆ:
ಹೆಂಗಸಾಗಿ ಹೆಂಗರುಳಿಲ್ವಲ್ಲ ಈಯಮ್ಮಂಗೆ.
ಬಿಟ್ಟರೆ ಚೆಕಿಂಗಿನವರ ಮೆಮೋ.
ಮೆಮೋದಲ್ಲಿ ಆ ಪದಕ್ಕೆ ಕಾಲಮ್ಮಿಲ್ಲ.
ಡ್ರೈವರ್ ನಜೀರಣ್ಣ ಮಾತ್ರ
ಯಾವ ಕರುಳೂ ಇಲ್ಲದೆ ಆರಾಮಾಗಿ ಬಿಳಿಚೋಡು ಮುಟ್ಟುತ್ತಾನೆ,
ಅವನನ್ನು ಯಾರೂ ಕೇಳುವುದಿಲ್ಲ.

ಗಂಡಿಗೆ ಎದೆ ಕೊಟ್ಟಿದ್ದಾರೆ, ಗಂಡೆದೆ.
ಮೇಲಿನ ಮಹಡಿ, ಗಾಳಿ ಬೆಳಕು.
ನಮಗೆ ಕೆಳಗಿನ ಮನೆ,
ಸುತ್ತಿ ಸುತ್ತಿ ಹೋಗುವ ಕತ್ತಲೆ ಓಣಿ.

ಮೊನ್ನೆ ಸಬ್‌ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲ ಮೇಲೆ ತಮ್ಮ ಅಂಜಿನಿ,
ಕೈಯಲ್ಲಿ ಹಕ್ಕು ಬಿಡುಗಡೆ ಪತ್ರ.
ಅಪ್ಪನ ಎರಡು ಕೋಣೆ, ಒಂದು ನಲ್ಲಿ, ಅರ್ಧ ಗೋಡೆ ಹಾಲಮ್ಮನದು.
ಅಕ್ಕಾ, ನಿಂದು ಹೆಂಗರುಳು,
ಹುಡುಗ್ರ ಮುಖ ನೋಡಿ ಒಂದು ಸೈನ್ ಹಾಕು.
ಪತ್ರ ಬರೆಯುವವನೂ ತಲೆದೂಗಿ
ಇಂಕುಪ್ಯಾಡು ಮುಂದೆ ಸರಿಸಿದ,
ನನಗೆ ಸಹಿ ಬರುವುದಿಲ್ಲ ಅಂದುಕೊಂಡು.

ಪೆನ್ನು ತೆಗೆದೆ. ನನ್ನದೇ ಪೆನ್ನು.
ಆಗ ಬಿಸಿಲು ನೆನಪಾಯಿತು, ಆ ಪೀರಿಯಡ್ಡಿನದು.

ಹೆಂಗರುಳು ನಂದಲ್ಲ ತಮ್ಮಾ, ಅಪ್ಪಂದು.
ಅಪ್ಪಂದು ಅಂದಮ್ಯಾಲೆ ಅದ್ರಾಗೂ ನಿಂಗೆ ಅರ್ಧ ಪಾಲೈತೆ.
ಮೊದ್ಲು ಅದನ್ನ ತಗೋ,
ಆಮ್ಯಾಲೆ ಮನೆ ಮಾತು.

ಪೆನ್ನಿನ ಮುಚ್ಚಳ ಹಾಕಿದೆ. ಟಪ್ ಅಂತು.
ಅಂಜಿನಿ ಮಾತಾಡಲಿಲ್ಲ.
ಗಾಳಿಗೆ ಅವನ ಕೂದಲು ಕೆದರಿ ಹಣೆ ಮೇಲೆ ಬಿದ್ದಿತ್ತು,
ಅಪ್ಪ ಇದ್ದಿದ್ದರೆ ಬಾಚುತ್ತಿದ್ದ.
ನನಗೆ ಐದೂವರೆಯ ಟ್ರಿಪ್ಪಿತ್ತು.